ಹದಿಹರೆಯದವರ ಸ್ಟೇಟಸ್ ತುಂಬಾ ದುಃಖವೇ ಏಕೆ? ಸ್ಕ್ರೀನ್‌ಶಾಟ್ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಕಪ್ಪು ಹಿನ್ನೆಲೆ. ನಡುವೆ ಸಣ್ಣ ಬಿಳಿ ಅಕ್ಷರದಲ್ಲಿ ಒಂದೇ ಸಾಲು: "ಯಾರಿಗೂ ನಾನು ಬೇಡ." ಕೆಳಗೊಂದು ಮುರಿದ ಹೃದಯದ ಇಮೋಜಿ. ಪ್ರೌಢಶಾಲೆ ಅಥವಾ ಪಿಯುಸಿ ಓದುವ ಮಕ್ಕಳ ನಂಬರ್ ನಿಮ್ಮ ಫೋನಿನಲ್ಲಿದ್ದರೆ ಇಂಥ ಸ್ಟೇಟಸ್ ನೀವೂ ನೋಡಿರುತ್ತೀರಿ.

ಆಮೇಲೆ ಏನಾಗುತ್ತದೆ ಎಂಬುದೂ ನಿಮಗೆ ಗೊತ್ತು. ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ಕುಟುಂಬದ ಗ್ರೂಪಿಗೋ ಊರಿನ ಗ್ರೂಪಿಗೋ ಹಾಕುತ್ತಾರೆ. ಜೊತೆಗೆ "ಈಗಿನ ಮಕ್ಕಳ ಅವಸ್ಥೆ ನೋಡಿ" ಎಂಬ ಸಾಲು. ಅದರ ಬೆನ್ನಿಗೆ "ಮೊಬೈಲ್ ಕೊಟ್ಟಿರಿ, ಮಗುವನ್ನು ಕಳೆದುಕೊಂಡಿರಿ" ಎನ್ನುವ ಉದ್ದನೆಯ ಫಾರ್ವರ್ಡ್. ಸಂಜೆಯೊಳಗೆ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅದೇ ಸುದ್ದಿ. ಕೊಡಗಿನಂಥ ಚಿಕ್ಕ ಜಿಲ್ಲೆಯಲ್ಲಿ ಹೆಸರು ಅಳಿಸಿದರೂ ಅದು ಯಾರ ಮನೆಯ ಮಗು ಎಂದು ತಿಳಿಯುವುದಕ್ಕೆ ಹೊತ್ತು ಬೇಕಿಲ್ಲ.

ಹದಿಹರೆಯದವರು ಆನ್‌ಲೈನ್‌ನಲ್ಲಿ ಇಷ್ಟೊಂದು ನೋವು, ಸಿಟ್ಟು, ಬೇಸರ ತೋಡಿಕೊಳ್ಳುವುದು ಏಕೆ? ಇದು ನಾಟಕವೇ, ರೋಗವೇ, ವಯಸ್ಸೇ, ಮೊಬೈಲಿನ ತಪ್ಪೇ? ಒಂದೊಂದಾಗಿ ನೋಡೋಣ.

ಇದು ಹೊಸದೇ?

ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಿ. ಸ್ಟ್ಯಾನ್ಲಿ ಹಾಲ್ 1904ರಲ್ಲೇ ಹದಿಹರೆಯದ ಬಗ್ಗೆ ದೊಡ್ಡ ಗ್ರಂಥ ಬರೆದು, ಈ ವಯಸ್ಸನ್ನು ಬಿರುಗಾಳಿಯ ಕಾಲ ಎಂದು ಕರೆದಿದ್ದರು. ಆಗ ಮೊಬೈಲ್ ಇರಲಿಲ್ಲ, ರೇಡಿಯೋ ಕೂಡ ಮನೆಗಳಿಗೆ ಬಂದಿರಲಿಲ್ಲ. ಎಲ್ಲ ಮಕ್ಕಳಿಗೂ ಬಿರುಗಾಳಿ ಬೀಸುತ್ತದೆ ಎಂಬ ಹಾಲ್ ಅವರ ಮಾತನ್ನು ಮುಂದಿನ ಸಂಶೋಧಕರು ಪೂರ್ತಿ ಒಪ್ಪಲಿಲ್ಲ. ಹೆಚ್ಚಿನ ಮಕ್ಕಳು ಈ ವಯಸ್ಸನ್ನು ದೊಡ್ಡ ಅನಾಹುತವಿಲ್ಲದೆ ದಾಟುತ್ತಾರೆ. ಆದರೆ ಭಾವನೆಗಳ ಏರಿಳಿತ ಈ ವಯಸ್ಸಿನಲ್ಲಿ ಹೆಚ್ಚು ಎಂಬುದು ಮಾತ್ರ ನಿಜ.

ನಮ್ಮಲ್ಲೂ ಇದಕ್ಕೆ ಜಾಗಗಳಿದ್ದವು. ಶಾಲೆಯ ಡೆಸ್ಕಿನ ಮೇಲೆ ಕೈವಾರದ ಮೊನೆಯಿಂದ ಕೆತ್ತಿದ ಹೆಸರುಗಳು, ಹಾಸಿಗೆಯಡಿಯ ಡೈರಿ, ಎಸ್ಸೆಸ್ಸೆಲ್ಸಿ ಮುಗಿಯುವಾಗ ಕೈಯಿಂದ ಕೈಗೆ ಹೋಗುತ್ತಿದ್ದ ಆಟೋಗ್ರಾಫ್ ಪುಸ್ತಕ. "ಮರೆಯಬೇಡ, ಮರೆತರೆ ನಾನಿಲ್ಲ" ಎಂಬ ಧಾಟಿಯ ಸಾಲುಗಳನ್ನು ಬರೆದವರೇ ಇಂದು ಅಪ್ಪ ಅಮ್ಮಂದಿರು. ವ್ಯತ್ಯಾಸ ಒಂದೇ. ಆ ಪುಸ್ತಕ ಇಪ್ಪತ್ತು ಜನರ ಕೈ ದಾಟಿ ಕಪಾಟು ಸೇರುತ್ತಿತ್ತು. ಸ್ಟೇಟಸ್ ಇನ್ನೂರು ಜನರಿಗೆ ಒಮ್ಮೆಗೇ ಕಾಣುತ್ತದೆ, ಅದರಲ್ಲಿ ಚಿಕ್ಕಮ್ಮ, ಟ್ಯೂಷನ್ ಮೇಷ್ಟ್ರು, ಪಕ್ಕದ ಮನೆಯ ಅಂಕಲ್ ಎಲ್ಲರೂ ಇರುತ್ತಾರೆ.

ಆ ವಯಸ್ಸಿನ ಮಿದುಳಿನಲ್ಲಿ ಏನಾಗುತ್ತಿರುತ್ತದೆ?

ಭಾವನೆ, ಸಂತೋಷ, ಬಹುಮಾನದ ಆಸೆಗೆ ಸಂಬಂಧಿಸಿದ ಮಿದುಳಿನ ಭಾಗಗಳು ಪ್ರಾಯಕ್ಕೆ ಬರುತ್ತಿದ್ದಂತೆ ಚುರುಕಾಗುತ್ತವೆ. ತಡೆದು ಯೋಚಿಸುವ, ಮುಂದಿನದನ್ನು ಲೆಕ್ಕ ಹಾಕುವ ಭಾಗ ಹಣೆಯ ಹಿಂದಿದೆ. ಅದು ಪೂರ್ತಿ ಬೆಳೆಯಲು ಸುಮಾರು ಇಪ್ಪತ್ತೈದು ವರ್ಷದವರೆಗೂ ಸಮಯ ಬೇಕು. ಆ್ಯಕ್ಸಿಲರೇಟರ್ ಮೊದಲು ಬಂತು, ಬ್ರೇಕ್ ಇನ್ನೂ ಜೋಡಿಸುತ್ತಿದ್ದಾರೆ ಎಂದುಕೊಳ್ಳಿ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ಅಂಥ ಗಾಡಿ ಹೇಗಿದ್ದೀತು ಎಂದು ಊಹಿಸುವುದು ಕಷ್ಟವಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ರೀಡ್ ಲಾರ್ಸನ್ ಮತ್ತು ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಶಾಲಾ ಮಕ್ಕಳಿಗೆ ಪೇಜರ್ ಕೊಟ್ಟರು. ದಿನದಲ್ಲಿ ಹಲವು ಬಾರಿ ಪೇಜರ್ ಸದ್ದು ಮಾಡಿದಾಗ ಆ ಕ್ಷಣ ಮನಸ್ಸು ಹೇಗಿದೆ ಎಂದು ಮಕ್ಕಳು ಬರೆದಿಡಬೇಕಿತ್ತು. ದೊಡ್ಡವರಿಗೆ ಹೋಲಿಸಿದರೆ ಮಕ್ಕಳ ಮನಸ್ಸು ಹೆಚ್ಚು ಎತ್ತರಕ್ಕೆ ಏರಿ ಹೆಚ್ಚು ಕೆಳಗೆ ಇಳಿಯುತ್ತಿತ್ತು, ಆದರೆ ಬೇಗನೆ ಬದಲಾಗುತ್ತಿತ್ತು. ಹಾಗಾಗಿ ರಾತ್ರಿ ಹನ್ನೊಂದಕ್ಕೆ "ಎಲ್ಲ ಮುಗಿಯಿತು" ಎಂದು ಬರೆದ ಮಗು ಬೆಳಿಗ್ಗೆ ಎಂಟಕ್ಕೆ ಕಡಂಬಿಟ್ಟು ತಿನ್ನುತ್ತಾ ನಗುತ್ತಿರಬಹುದು. ರಾತ್ರಿಯ ನೋವು ಸುಳ್ಳಲ್ಲ, ಬೆಳಗಿನ ನಗುವೂ ಸುಳ್ಳಲ್ಲ.

ರಾತ್ರಿಗೂ ಇದರಲ್ಲಿ ಪಾಲಿದೆ. ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ಈ ವಯಸ್ಸಿನಲ್ಲಿ ತಡವಾಗಿ ಹೊರಬೀಳುತ್ತದೆ, ಕೆಲವರಲ್ಲಿ ಎರಡು ಗಂಟೆಯವರೆಗೂ ತಡ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ತೋಟದ ನಡುವಿನ ಮನೆಯಿಂದ ಬೆಳಿಗ್ಗೆ ಬೇಗ ಹೊರಟು, ರಸ್ತೆವರೆಗೆ ನಡೆದು, ಬಸ್ ಹಿಡಿಯುವ ಮಗುವಿಗೆ ಅದು ಸಿಗುವುದಿಲ್ಲ. ನಿದ್ದೆ ಕಡಿಮೆಯಾದ ಮಿದುಳಿಗೆ ಚಿಕ್ಕ ನೋವೂ ದೊಡ್ಡದಾಗಿ ಕಾಣುತ್ತದೆ.

"ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ"

1967ರಲ್ಲಿ ಡೇವಿಡ್ ಎಲ್ಕಿಂಡ್ ಎಂಬ ಮನಶ್ಶಾಸ್ತ್ರಜ್ಞರು ಎರಡು ವಿಚಾರ ಮುಂದಿಟ್ಟರು. ಮೊದಲನೆಯದು ಕಾಲ್ಪನಿಕ ಪ್ರೇಕ್ಷಕರು: ಹದಿಹರೆಯದವರಿಗೆ ಎಲ್ಲರ ಕಣ್ಣೂ ತಮ್ಮ ಮೇಲೇ ಇದೆ ಅನ್ನಿಸುತ್ತದೆ. ಎರಡನೆಯದು, ನನಗೆ ಆಗುತ್ತಿರುವುದು ಜಗತ್ತಿನಲ್ಲಿ ಇನ್ಯಾರಿಗೂ ಆಗಿಲ್ಲ, ಯಾರಿಗೂ ಅರ್ಥವಾಗದು ಎಂಬ ನಂಬಿಕೆ. ಮುಖದಲ್ಲಿ ಒಂದು ಮೊಡವೆ ಎದ್ದರೆ ಶಾಲೆಗೇ ಹೋಗೆನು ಎನ್ನುವುದು ಮೊದಲನೆಯದರ ಉದಾಹರಣೆ. "ನನ್ನ ನೋವು ನಿಮಗ್ಯಾರಿಗೂ ಗೊತ್ತಾಗಲ್ಲ" ಎಂಬ ಸ್ಟೇಟಸ್ ಎರಡನೆಯದರದ್ದು.

ಎಲ್ಕಿಂಡ್ ಬರೆದಾಗ ಆ ಪ್ರೇಕ್ಷಕರು ಬರೀ ಕಲ್ಪನೆ. ಈಗ ವಾಟ್ಸ್‌ಆ್ಯಪ್ ಅವರ ಪಟ್ಟಿಯನ್ನೇ ತೋರಿಸುತ್ತದೆ: ಯಾರು, ಎಷ್ಟು ಹೊತ್ತಿಗೆ ನೋಡಿದರು ಎಂದು. ಒಬ್ಬ ಗೆಳತಿ ನೋಡಿಯೂ ಏನೂ ಕೇಳಲಿಲ್ಲ ಎಂಬುದು ಆ ಪಟ್ಟಿಯಿಂದಲೇ ತಿಳಿಯುತ್ತದೆ, ನೋವು ಇನ್ನಷ್ಟು ಹೆಚ್ಚುತ್ತದೆ.

ಮೆಚ್ಚುಗೆಯ ಸೆಳೆತವೂ ಹೀಗೆಯೇ. 2016ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಲಾರೆನ್ ಶೆರ್ಮನ್ ಮತ್ತು ಸಂಗಡಿಗರು 32 ಹದಿಹರೆಯದವರಿಗೆ ಸ್ಕ್ಯಾನರ್ ಒಳಗೆ ಫೋಟೊಗಳನ್ನು ತೋರಿಸಿದರು. ಲೈಕ್‌ಗಳ ಸಂಖ್ಯೆಯನ್ನು ಸಂಶೋಧಕರೇ ಹಾಕಿದ್ದರು. ತಮ್ಮ ಫೋಟೊಗೆ ಹೆಚ್ಚು ಲೈಕ್ ಬಂದಂತೆ ಕಂಡಾಗ ಮಿದುಳಿನ ಬಹುಮಾನದ ಭಾಗ ಹೆಚ್ಚು ಚುರುಕಾಯಿತು. ಒಂದೇ ಫೋಟೊಗೆ ಹೆಚ್ಚು ಲೈಕ್ ಇದ್ದರೆ ಹೆಚ್ಚು ಮಕ್ಕಳು ಲೈಕ್ ಒತ್ತಿದರು. "ಚೆನ್ನಾಗಿದ್ದೇನೆ" ಎಂಬ ಸ್ಟೇಟಸ್‌ಗೆ ಯಾರೂ ಉತ್ತರಿಸುವುದಿಲ್ಲ, "ಸಾಕಾಯ್ತು" ಎಂಬುದಕ್ಕೆ ಹತ್ತು ಜನ "ಏನಾಯ್ತೋ?" ಎನ್ನುತ್ತಾರೆ. ಯಾವುದಕ್ಕೆ ಉತ್ತರ ಸಿಗುತ್ತದೆ ಎಂಬುದನ್ನು ಮಗು ಬೇಗ ಕಲಿಯುತ್ತದೆ. ಇದರಲ್ಲಿ ಕಪಟವಿಲ್ಲ, ಅತ್ತಾಗ ಎತ್ತಿಕೊಂಡರೆ ಶಿಶುವೂ ಕಲಿಯುವುದು ಹೀಗೆಯೇ.

ಮುಖಾಮುಖಿ ಹೇಳಲಾಗದ್ದು ಅಲ್ಲಿ ಏಕೆ ಸುಲಭ?

ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲಿ ಇದಕ್ಕೆ ವಿವರಣೆ ಕೊಟ್ಟರು. ಪರದೆಯ ಹಿಂದಿರುವಾಗ ಎದುರಿನವರ ಮುಖ ಕಾಣುವುದಿಲ್ಲ, ಹುಬ್ಬು ಗಂಟಿಕ್ಕುವುದು ಕಾಣುವುದಿಲ್ಲ, ಉತ್ತರ ತಕ್ಷಣ ಬರುವುದಿಲ್ಲ. ಹಾಗಾಗಿ ಎದುರಿಗೆ ಗಂಟಲಲ್ಲೇ ನಿಲ್ಲುವ ಮಾತು ಅಲ್ಲಿ ಹೊರಗೆ ಬರುತ್ತದೆ. ಜಗಳವೂ ಬರುತ್ತದೆ, ಅಳುವೂ ಬರುತ್ತದೆ.

ನಮ್ಮ ಮನೆಗಳನ್ನು ನೆನೆಸಿಕೊಳ್ಳಿ. "ನನಗೆ ಬೇಜಾರಾಗಿದೆ ಅಪ್ಪ" ಎಂದು ಊಟದ ಹೊತ್ತಿನಲ್ಲಿ ಹೇಳುವ ಮಗು ಎಷ್ಟು ಮನೆಗಳಲ್ಲಿದೆ? ಹೇಳಿದರೆ "ನಿನಗೇನು ಕಮ್ಮಿಯಾಗಿದೆ?" ಎಂಬ ಪ್ರಶ್ನೆ ಸಿದ್ಧ. ಸ್ಟೇಟಸ್ ಹಾಗೆ ಕೇಳುವುದಿಲ್ಲ. 24 ಗಂಟೆಯಲ್ಲಿ ತಾನೇ ಅಳಿಸಿಹೋಗುತ್ತದೆ. ಒಬ್ಬರಿಗೆ ಹೇಳಬೇಕಾದದ್ದನ್ನು ಎಲ್ಲರಿಗೂ ಹೇಳಿ, ಆ ಒಬ್ಬರು ಕೇಳಿಸಿಕೊಳ್ಳಲಿ ಎಂದು ಕಾಯುವ ದಾರಿ ಅದು.

ಕೊಡಗಿನ ಮಗುವಿಗೆ ಇದು ಇನ್ನಷ್ಟು ಏಕೆ ಮುಖ್ಯ?

2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ ಸುಮಾರು 5.5 ಲಕ್ಷ. ಚದರ ಕಿಲೋಮೀಟರಿಗೆ 135 ಜನ. ಇಡೀ ಕರ್ನಾಟಕದ ಸರಾಸರಿ 319. ಕಾಫಿ ತೋಟದ ನಡುವಿನ ಮನೆಯಿಂದ ಗೆಳೆಯನ ಮನೆಗೆ ಹೋಗಬೇಕಾದರೆ ಒಂದೆರಡು ಕಿಲೋಮೀಟರ್ ನಡೆಯಬೇಕು, ಹಲವು ಕಡೆ ಆನೆಯ ಭಯ ಬೇರೆ. ಸಂಜೆ ಕೊನೆಯ ಬಸ್ ಹೋದ ಮೇಲೆ ದಿನ ಮುಗಿದಂತೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಕರೆಂಟ್ ಇಲ್ಲದ ದಿನಗಳು. ಗೆಳೆಯರ ಜೊತೆ ಕಟ್ಟೆಯ ಮೇಲೆ ಕೂತು ಹರಟುವ ಅವಕಾಶ ಬೆಂಗಳೂರಿನ ಬಡಾವಣೆಯ ಮಗುವಿಗಿಂತಲೂ ಇಲ್ಲಿ ಕಡಿಮೆ. ಕಟ್ಟೆಯ ಕೆಲಸವನ್ನು ಫೋನ್ ಮಾಡುತ್ತಿದೆ.

ಆ ಫೋನೂ ಎಲ್ಲರಿಗೆ ಒಂದೇ ಥರ ಸಿಗುವುದಿಲ್ಲ. ದೇಶದ 28 ಜಿಲ್ಲೆಗಳ ಗ್ರಾಮೀಣ ಭಾಗದಲ್ಲಿ 14ರಿಂದ 18 ವಯಸ್ಸಿನವರ ನಡುವೆ ನಡೆದ 2023ರ ಅಸರ್ ಸಮೀಕ್ಷೆಯಲ್ಲಿ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 43.7 ಮಂದಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ ಶೇ 19.8 ಮಂದಿಗೆ ಮಾತ್ರ. ಉಳಿದವರದ್ದು ಅಮ್ಮನ ಅಥವಾ ಅಣ್ಣನ ಫೋನ್. ಎಸ್ಟೇಟಿನ ಲೈನ್ ಮನೆಯಲ್ಲಿ ಒಂದೇ ಕೋಣೆ, ಒಂದೇ ಫೋನ್ ಇದ್ದರೆ ಗುಟ್ಟಾಗಿ ಅಳುವುದಕ್ಕೂ ಜಾಗವಿಲ್ಲ. ಹಾಸ್ಟೆಲ್‌ನಲ್ಲಿರುವ ಮಗುವಿಗೆ ಫೋನ್ ಸಿಗುವುದು ರಜೆಯಲ್ಲಿ. ತಿಂಗಳುಗಟ್ಟಲೆ ಕಟ್ಟಿಟ್ಟದ್ದು ಒಂದೇ ವಾರದಲ್ಲಿ ಹೊರಗೆ ಬಂದರೆ ಆಶ್ಚರ್ಯವಿಲ್ಲ.

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಏಳೆಂಟು ವರ್ಷದವರಾಗಿದ್ದ ಮಕ್ಕಳೇ ಈಗ ಹದಿಹರೆಯದವರು. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ಕುಸಿತ. ಮನೆ ಕಳೆದುಕೊಂಡ ಕುಟುಂಬಗಳು ಜಂಬೂರು, ಮದೆನಾಡಿನಂಥ ಕಡೆ ಕಟ್ಟಿದ ಹೊಸ ಮನೆಗಳಿಗೆ ಹೋದವು. ಮನೆ ಸಿಕ್ಕಿತು, ಹಳೆಯ ನೆರೆಹೊರೆ ಸಿಗಲಿಲ್ಲ. ಇದರ ನಡುವೆಯೇ ಕೋವಿಡ್ ಬಂದು ಶಾಲೆ ಮುಚ್ಚಿತು. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ನೆಟ್‌ವರ್ಕ್ ಸಿಗಲೆಂದು ಮರದ ಮೇಲೆ ಅಟ್ಟಣಿಗೆ ಕಟ್ಟಿ ಪಾಠ ಮಾಡಿದ್ದು ಆಗ ಸುದ್ದಿಯಾಗಿತ್ತು. ಜೋರು ಮಳೆ ಸುರಿದ ರಾತ್ರಿ "ಭಯ ಆಗ್ತಿದೆ" ಎಂದು ಸ್ಟೇಟಸ್ ಹಾಕಿದ ಕೊಡಗಿನ ಮಗುವನ್ನು ನಾಟಕ ಮಾಡುತ್ತಿದೆ ಎನ್ನುವ ಮೊದಲು ಇದನ್ನು ನೆನೆಯಬೇಕು.

ಕಂಡದ್ದೇ ಎಲ್ಲವೂ ಅಲ್ಲ

ಆನ್‌ಲೈನ್‌ನಲ್ಲಿ ದುಃಖವೇ ಹೆಚ್ಚು ಕಾಣಲು ಇನ್ನೂ ಒಂದು ಸರಳ ಕಾರಣವಿದೆ. ಹಾಕಿ ಆಡಿ ಸುಸ್ತಾಗಿ ಮಲಗಿದ ಮಗು ಸ್ಟೇಟಸ್ ಹಾಕುವುದಿಲ್ಲ. ನಿದ್ದೆ ಬಾರದ ಮಗು ಹಾಕುತ್ತದೆ. ಮಗುವಿನ ದಿನದ ಹದಿನೈದು ಗಂಟೆ ನಮಗೆ ಕಾಣದೆ, ಕೆಟ್ಟ ಹತ್ತು ನಿಮಿಷ ಮಾತ್ರ ಕಾಣುತ್ತದೆ. ಅದನ್ನೇ ಇಡೀ ಪೀಳಿಗೆಯ ಚಿತ್ರ ಎಂದುಕೊಳ್ಳುತ್ತೇವೆ.

ಆ್ಯಪ್‌ಗಳೂ ಇದನ್ನು ದೊಡ್ಡದು ಮಾಡುತ್ತವೆ. ಯಾವ ರೀಲ್ಸ್ ಮೇಲೆ ನೀವು ಎಷ್ಟು ಹೊತ್ತು ನಿಂತಿರಿ ಎಂಬುದನ್ನು ಅವು ಲೆಕ್ಕ ಇಡುತ್ತವೆ. ಬೇಸರದಲ್ಲಿ ಎರಡು ವಿರಹದ ರೀಲ್ಸ್ ಪೂರ್ತಿ ನೋಡಿದರೆ ಮುಂದಿನ ಹತ್ತೂ ಅದೇ ಥರ ಬರಬಹುದು. ಮಗು ಅದರಿಂದಲೇ ಒಂದನ್ನು ತೆಗೆದು ಸ್ಟೇಟಸ್‌ಗೆ ಹಾಕುತ್ತದೆ. ಆ ಸಾಲು ಮಗುವಿನದ್ದೇ ಅಲ್ಲದಿರಬಹುದು, ಆದರೆ ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇರುತ್ತದೆ.

ಫಾರ್ವರ್ಡ್‌ಗಳಲ್ಲಿ ಬರುವ ನಾಲ್ಕು ಮಾತು

"ಮಕ್ಕಳ ಖಿನ್ನತೆಗೆಲ್ಲ ಮೊಬೈಲೇ ಕಾರಣ." ಪೂರ್ತಿ ನಿಜವಲ್ಲ. ಆ್ಯಮಿ ಆರ್ಬನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ 2019ರಲ್ಲಿ ಲಕ್ಷಾಂತರ ಹದಿಹರೆಯದವರ ಮಾಹಿತಿ ನೋಡಿದಾಗ, ಮಕ್ಕಳ ನೆಮ್ಮದಿಯಲ್ಲಿನ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ 0.4 ಎಂದು ಕಂಡುಬಂತು. ಹಾಗೆಂದು ತೊಂದರೆಯೇ ಇಲ್ಲ ಎಂದಲ್ಲ. ಇದು ಸರಾಸರಿ. ನಿದ್ದೆ ಕೆಡಿಸಿಕೊಂಡವರಿಗೆ, ಆನ್‌ಲೈನ್ ಕಿರುಕುಳಕ್ಕೆ ಸಿಕ್ಕವರಿಗೆ ಹಾನಿ ಹೆಚ್ಚು. ಫೋನ್ ಬಿಡಲಾಗದೆ ಕಷ್ಟಪಡುವವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ ತೆರೆಯಿತು. 2017ರ ಬ್ಲೂ ವೇಲ್ ಗದ್ದಲವೂ ನೆನಪಿರಲಿ. ಒಂದು ಆಟ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದೆ ಎಂಬ ಫಾರ್ವರ್ಡ್ ದೇಶವೆಲ್ಲ ಸುತ್ತಿತು. ಪರಿಶೀಲಿಸಿದ ಯಾವ ಪ್ರಕರಣದಲ್ಲೂ ಆ ಆಟದ ಪಾತ್ರ ದೃಢಪಟ್ಟಿಲ್ಲ ಎಂದು 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಎಲ್ಲರೂ ಆಟದ ಹಿಂದೆ ಬಿದ್ದಾಗ, ಆ ಮಕ್ಕಳಿಗೆ ನಿಜವಾಗಿ ಏನಾಗಿತ್ತು ಎಂದು ಕೇಳುವವರು ಕಡಿಮೆಯಾದರು.

"ಗಮನ ಸೆಳೆಯಲು ಹಾಗೆ ಬರೆಯುತ್ತಾರೆ, ಬಿಟ್ಟುಬಿಡಿ." ಗಮನ ಬೇಕೆಂದೇ ಬರೆಯುವುದು, ಅದು ನಿಜ. ಆದರೆ ಗಮನ ಬೇಕಾಗಿರುವುದಕ್ಕೆ ಕಾರಣವೂ ಇರುತ್ತದೆ. ಜ್ವರ ಬಂದ ಮಗು ಅಮ್ಮನನ್ನು ಕರೆದರೆ ಗಮನ ಸೆಳೆಯುತ್ತಿದೆ ಎಂದು ಸುಮ್ಮನಿರುತ್ತೇವೆಯೇ? ಸಾಯುವ ಮಾತಾಡುವವರು ಸಾಯುವುದಿಲ್ಲ ಎಂಬುದಂತೂ ಅಪಾಯಕಾರಿ ಸುಳ್ಳು. ಆತ್ಮಹತ್ಯೆಗೆ ಮುಂಚೆ ಹಲವರು ಯಾರ ಬಳಿಯಾದರೂ ಸುಳಿವು ಕೊಟ್ಟಿರುತ್ತಾರೆ.

"ಕಕ್ಕಿಬಿಟ್ಟರೆ ಮನಸ್ಸು ಹಗುರ." ಅರ್ಧ ನಿಜ. ಭಾವನೆಗೆ ಹೆಸರಿಟ್ಟು ಹೇಳಿದರೆ ಅದರ ಕಾವು ಇಳಿಯುತ್ತದೆ ಎಂಬುದಕ್ಕೆ ಮಿದುಳಿನ ಅಧ್ಯಯನಗಳ ಬೆಂಬಲವಿದೆ. ಜೇಮ್ಸ್ ಪೆನ್ನಿಬೇಕರ್ 1980ರ ದಶಕದಿಂದ ಮಾಡಿದ ಪ್ರಯೋಗಗಳಲ್ಲಿ, ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ನೋವನ್ನು ತಮಗಾಗಿ ಬರೆದವರಿಗೆ ಒಳಿತಾಯಿತು. ಆದರೆ ಸಿಟ್ಟನ್ನು ಹೊರಹಾಕಿದರೆ ಅದು ಹೆಚ್ಚುತ್ತದೆಯೇ ಹೊರತು ಆರುವುದಿಲ್ಲ ಎಂದು ಬ್ರ್ಯಾಡ್ ಬುಷ್‌ಮನ್ 2002ರಲ್ಲಿ ತೋರಿಸಿದರು. ಇಬ್ಬರು ಗೆಳತಿಯರು ಒಂದೇ ನೋವನ್ನು ಮತ್ತೆ ಮತ್ತೆ ಕೆದಕುತ್ತಿದ್ದರೆ ಸ್ನೇಹ ಗಟ್ಟಿಯಾಗುತ್ತದೆ, ಜೊತೆಗೆ ಖಿನ್ನತೆಯ ಲಕ್ಷಣವೂ ಹೆಚ್ಚಬಹುದು ಎನ್ನುತ್ತವೆ ಅಮಾಂಡಾ ರೋಸ್ ಅವರ ಅಧ್ಯಯನಗಳು. ಹೇಳಿಕೊಳ್ಳುವುದು ಒಳ್ಳೆಯದು, ಅದರಲ್ಲೇ ಸುತ್ತುವುದು ಒಳ್ಳೆಯದಲ್ಲ.

"ಸಾಯುವ ಯೋಚನೆ ಬಗ್ಗೆ ಕೇಳಿದರೆ ಇಲ್ಲದ್ದನ್ನು ತಲೆಗೆ ಹಾಕಿದಂತೆ." ಸುಳ್ಳು. ನೇರವಾಗಿ, ಮೆಲ್ಲಗೆ ಕೇಳಿದರೆ ಆ ಯೋಚನೆ ಹೆಚ್ಚುವುದಿಲ್ಲ ಎಂದು ಹಲವು ಅಧ್ಯಯನಗಳು ಹೇಳಿವೆ. ಹೇಳಿಕೊಳ್ಳಲು ಒಬ್ಬರು ಸಿಕ್ಕರು ಎಂಬ ಸಮಾಧಾನವೇ ಹೆಚ್ಚು.

ಯಾವಾಗ ವಯಸ್ಸು, ಯಾವಾಗ ಕಾಯಿಲೆ?

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3 ಮಂದಿಗೆ ಮಾನಸಿಕ ಕಾಯಿಲೆ ಕಂಡುಬಂದಿತ್ತು. ಆ ಲೆಕ್ಕದಲ್ಲಿ 40 ಮಕ್ಕಳ ತರಗತಿಯಲ್ಲಿ ಸುಮಾರು ಮೂವರು. ಅಂದರೆ ದುಃಖದ ಸ್ಟೇಟಸ್ ಹಾಕುವ ಬಹುಪಾಲು ಮಕ್ಕಳಿಗೆ ಕಾಯಿಲೆ ಇಲ್ಲ. ಆದರೆ ಆ ಮೂವರೂ ಅದೇ ಕಪ್ಪು ಹಿನ್ನೆಲೆ, ಅದೇ ಸಾಲು ಬಳಸುತ್ತಾರೆ. ಸ್ಟೇಟಸ್ ಒಂದನ್ನೇ ನೋಡಿ ಯಾರು ಎಂದು ಹೇಳಲು ಬರುವುದಿಲ್ಲ. ಮಗುವನ್ನು ನೋಡಬೇಕು.

ಎರಡು ವಾರಕ್ಕೂ ಹೆಚ್ಚು ಬೇಸರ ಬಿಡದಿದ್ದರೆ, ನಿದ್ದೆ ಅಥವಾ ಊಟ ತೀರಾ ಬದಲಾದರೆ, ಇಷ್ಟಪಟ್ಟು ಆಡುತ್ತಿದ್ದ ಆಟ ಬಿಟ್ಟರೆ, ಗೆಳೆಯರಿಂದ ದೂರವಾದರೆ, ಅಂಕ ದಿಢೀರನೆ ಇಳಿದರೆ ಗಮನ ಕೊಡಿ. ಮೈಗೆ ಗಾಯ ಮಾಡಿಕೊಂಡರೆ, ಪ್ರೀತಿಯ ವಸ್ತುಗಳನ್ನು ಹಂಚಿಬಿಟ್ಟರೆ, ಸಾವಿನ ಬಗ್ಗೆ ಅಥವಾ "ನಾನಿಲ್ಲದಿದ್ದರೆ ಒಳ್ಳೆಯದು" ಎಂದು ಬರೆದರೆ ಅಂದೇ ಮಾತಾಡಿಸಿ, ಒಂಟಿಯಾಗಿ ಬಿಡಬೇಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು.

ನೀವು ಏನು ಮಾಡಬಹುದು?

ಮೊದಲನೆಯದು, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಬೇಡಿ. ಬಂದದ್ದನ್ನು ಮುಂದೆ ಕಳಿಸಬೇಡಿ. ಸ್ಟೇಟಸ್‌ನ ಕೆಳಗೆ ಉಪದೇಶ, ತಮಾಷೆ ಬೇಡ. ಊರಿಗೆಲ್ಲ ಗೊತ್ತಾಯಿತು ಎಂದು ತಿಳಿದ ಮಗುವಿನ ನೋವು ಹೋಗುವುದಿಲ್ಲ, ಅದು ನಿಮ್ಮನ್ನು ಸ್ಟೇಟಸ್ ಪಟ್ಟಿಯಿಂದ ತೆಗೆಯುತ್ತದೆ ಅಷ್ಟೇ. ಮುಂದಿನ ಬಾರಿ ನಿಜವಾಗಿ ಅಪಾಯವಿದ್ದಾಗ ನಿಮಗೆ ಕಾಣುವುದಿಲ್ಲ. ಒಂದು ಫಾರ್ವರ್ಡ್‌ನಿಂದ ಆಗುವ ನಿಜವಾದ ನಷ್ಟ ಇದು.

ಎರಡನೆಯದು, ಖಾಸಗಿಯಾಗಿ ಕೇಳಿ. "ನಿನ್ನ ಸ್ಟೇಟಸ್ ನೋಡಿದೆ ಮರಿ. ಬೈಯೋಕೆ ಕೇಳ್ತಿಲ್ಲ. ಹೇಗಿದ್ದೀಯ?" ಇಷ್ಟು ಸಾಕು. ಉತ್ತರ ಬಾರದಿದ್ದರೆ ಮತ್ತೆ ಒಂದು ದಿನ ಬಿಟ್ಟು ಕೇಳಿ. ಎದುರುಬದುರು ಕೂತು ವಿಚಾರಣೆ ಮಾಡುವುದಕ್ಕಿಂತ ಜೊತೆಗೆ ಕೆಲಸ ಮಾಡುವಾಗ, ನಡೆಯುವಾಗ, ಗಾಡಿಯಲ್ಲಿ ಹೋಗುವಾಗ ಮಕ್ಕಳು ಸುಲಭವಾಗಿ ಮಾತಾಡುತ್ತಾರೆ. ಮಾತಾಡಿದಾಗ ಪರಿಹಾರ ಹೇಳುವ ಆತುರ ಬೇಡ.

ಮೂರನೆಯದು, ಫೋನ್ ಕಿತ್ತುಕೊಳ್ಳುವುದರಿಂದ ಶುರು ಮಾಡಬೇಡಿ. ಗೆಳೆಯರ ಜೊತೆಗಿನ ಕೊನೆಯ ಎಳೆ ಅದೇ ಆಗಿರಬಹುದು. ರಾತ್ರಿ ಮಲಗುವಾಗ ಎಲ್ಲರ ಫೋನೂ, ನಿಮ್ಮದೂ ಸೇರಿ, ಹಾಲ್‌ನಲ್ಲಿ ಚಾರ್ಜಿಗೆ ಎಂಬ ನಿಯಮ ಹೆಚ್ಚು ಕೆಲಸ ಮಾಡುತ್ತದೆ.

ನಾಲ್ಕನೆಯದು, ಸಹಾಯ ಇದೆ. ಟೆಲಿಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಇರುವುದೇ ಹದಿಹರೆಯದವರಿಗಾಗಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಮನೋವೈದ್ಯರ ಬಳಿ ಹೋದರೆ ಹುಚ್ಚು ಎಂದರ್ಥವಲ್ಲ. ಹಲ್ಲು ನೋವಿಗೆ ದಂತವೈದ್ಯರ ಬಳಿ ಹೋದಂತೆ.

ನೀವೇ ಹದಿಹರೆಯದವರಾಗಿ ಇದನ್ನು ಓದುತ್ತಿದ್ದರೆ ಒಂದು ಮಾತು. ಬರೆಯುವುದು ತಪ್ಪಲ್ಲ. ಆದರೆ ಇನ್ನೂರು ಜನರಿಗೆ ಹೇಳುವ ಮೊದಲು ಒಬ್ಬರನ್ನು ಆರಿಸಿ, ಅವರಿಗೆ ಹೇಳಿ ನೋಡಿ. ಅಕ್ಕ, ಮಾಮ, ಪಿ.ಟಿ. ಸರ್, ಯಾರಾದರೂ ಸರಿ. ಮೊದಲನೆಯವರು ಕೇಳಿಸಿಕೊಳ್ಳದಿದ್ದರೆ ಎರಡನೆಯವರಿಗೆ ಹೇಳಿ.

ಫಾರ್ವರ್ಡ್ ಮಾಡಲೇಬೇಕು ಅನ್ನಿಸಿದರೆ ಆ ಸ್ಕ್ರೀನ್‌ಶಾಟ್ ಬದಲು 14416 ಎಂಬ ಐದು ಅಂಕಿಗಳನ್ನು ಮಾಡಿ. ನಿಮ್ಮ ಗ್ರೂಪಿನಲ್ಲಿ ಅದು ಬೇಕಾಗಿರುವ ಒಂದು ಮನೆಯಾದರೂ ಇದ್ದೀತು.